ಬಚ್ಚಲು ಸೇರಿದ ಬಾಂದುಕಲ್ಲುಗಳು

ಅವತ್ತು ಬುಧವಾರ. ನಮ್ಮ ಯಜಮಾನರು ಬೆಳಿಗ್ಗೆ ಎದ್ದು ಮುಖ ತೊಳೆದರು. ಟೀ ಕುಡಿದು ಸಕ್ಕರೆ ಕಮ್ಮಿ ಅಂದರು. ಸಕ್ಕರೆ ಸರಿಯಾಗಿಯೇ ಇತ್ತು. ಮಧ್ಯಾಹ್ನ ಹುರುಳಿಕಾಳಿನ ಬಸ್ಸಾರು ಮಾಡಿದ್ದೆ. ಎರಡು ಮುದ್ದೆ ಉಂಡರು. ಸಂಜೆ ಪಕ್ಕದ ಮನೆಯ ಹೊಸ ಸೊಸೆ ಜಾಹಿದಾ ಸಾಲ ತೆಗೆದುಕೊಂಡಿದ್ದ ಅವರೆಕಾಳು ವಾಪಸು ಕೊಡಲು ಬಂದಳು. ಚಿಂತಾಮಣಿಯ ಹುಡುಗಿ, ನಮ್ಮ ಶಿಡ್ಲಘಟ್ಟಕ್ಕೆ ಬಂದು ತಿಂಗಳಾಗಿತ್ತು. ಕಲ್ಲಿನ ಕಥೆ ಅವಳಿಗೆ ಗೊತ್ತಿಲ್ಲ ಅಂತ ತಿಳಿದದ್ದೇ ಇವರು ಅವಳನ್ನು ಜಗಲಿಯಲ್ಲಿ ಕೂರಿಸಿಬಿಟ್ಟರು.

ಆ ಕಥೆಯನ್ನು ಅವರು ಯಾವತ್ತೂ ಸರಿಯಾಗಿ ಹೇಳಿದವರಲ್ಲ. ಕೊಂಡಮ್ಮನ ಜಾಗ ಬರುವ ಮೊದಲೇ ನಗು ಶುರುವಾಗುತ್ತಿತ್ತು. ಆಮೇಲೆ ಅವರು ಏನು ಹೇಳಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅವತ್ತೂ ಹಾಗೇ ಆಯಿತು. ಇವರು ನಗುವುದು ನೋಡಿ ಜಾಹಿದಾ ನಕ್ಕಳು. ಕಥೆ ತಿಳಿಯದೆಯೇ ಮನೆಗೆ ಹೋದಳು.

ರಾತ್ರಿ ಮಲಗಿದರು. ಗುರುವಾರ ಏಳಲಿಲ್ಲ. ಹೃದಯ ನಿಂತಿದೆ ಅಂದರು ಡಾಕ್ಟರು. ಅದರ ಬಗ್ಗೆ ನಾನು ಇಷ್ಟೇ ಬರೆಯುತ್ತೇನೆ.

ಕಾರ್ಯವೆಲ್ಲ ಮುಗಿದ ಮೇಲೆ ಜಾಹಿದಾ ಬಂದು ನನ್ನ ಪಕ್ಕ ಕೂತಳು. ಅಕ್ಕ, ಆ ಕೊಂಡಮ್ಮ ಆಮೇಲೆ ಏನು ಮಾಡಿದಳು ಅಂತ ಕೇಳಿದಳು. ಅವಳಿಗೆ ಹೇಳಿದೆ. ಅವಳು ಬರೆದಿಡಿ ಅಂದಳು. ಬರೆಯುತ್ತಿದ್ದೇನೆ.

ಅವರ ಹೆಸರು ಕೋನಪ್ಪ. ಅವರಿದ್ದಾಗ ಆ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವರು ಕಳೆದುಹೋದರೂ ರೀ, ರೀ ಅಂತಲೇ ಕೂಗಿದ್ದೇನೆ, ಹತ್ತು ಗಂಡಸರು ತಿರುಗಿ ನೋಡಿದ್ದಾರೆ. ಈಗ ಬರೆದರೆ ಏನೂ ಆಗುವುದಿಲ್ಲ. ಆಗುವುದೆಲ್ಲ ಆಗಿದೆ.

ಅವರು ಜಮೀನು ಅಳೆಯುವವರು. ಅವರ ಅಜ್ಜ ಬ್ರಿಟಿಷರ ಕಾಲದಲ್ಲಿ ಅಳತೆ ಸಾಹೇಬರ ಹಿಂದೆ ಸರಪಳಿ ಹಿಡಿದು ಓಡಾಡಿದವರು. ಅಜ್ಜನ ಸರಪಳಿ ಮಗನಿಗೆ ಬಂತು, ಮಗನಿಂದ ಇವರಿಗೆ ಬಂತು. ಕಬ್ಬಿಣದ್ದು, ಮೂವತ್ತಮೂರು ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಇಷ್ಟು ನನಗೂ ಗೊತ್ತು.

ಇವರಿಗೆ ಸರ್ಕಾರದ ನೌಕರಿ ಇರಲಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಕರೆಯುತ್ತಿದ್ದರು. ಇವರದು ಒಂದು ಪದ್ಧತಿ ಇತ್ತು. ಇಬ್ಬರೂ ಒಂದೇ ಮನೆಯಲ್ಲಿ ಕೂತು ಕಾಫಿ ಕುಡಿಯುವ ತನಕ ಸರಪಳಿ ಬಿಚ್ಚುತ್ತಿರಲಿಲ್ಲ. ಒಂದು ಕಡೆ ತಮ್ಮ ಮೂರು ದಿನ ಒಪ್ಪಲಿಲ್ಲ. ಇವರು ಮೂರು ದಿನವೂ ಅಣ್ಣನ ಜಗಲಿಯಲ್ಲಿ ಊಟ ಮಾಡಿಕೊಂಡು ಕೂತಿದ್ದರು. ಕೊನೆಗೆ ಇವರ ಊಟದ ಖರ್ಚು ತಾಳಲಾರದೆ ಇಬ್ಬರೂ ರಾಜಿಯಾದರು ಅಂತ ಊರಿನವರು ಹೇಳುತ್ತಿದ್ದರು. ಇವರು ಅಲ್ಲ ಅನ್ನುತ್ತಿರಲಿಲ್ಲ.

ಇನ್ನೊಂದು ಪದ್ಧತಿ ಇದ್ದಿಲಿನದು. ಜಾಗದ ಗುರುತಿಗೆ ನೆಡುವ ಕಲ್ಲಿಗೆ ಬಾಂದುಕಲ್ಲು ಅನ್ನುತ್ತಾರೆ. ಅದನ್ನು ನೆಡುವ ಮೊದಲು ಗುಂಡಿಯ ತಳಕ್ಕೆ ಒಂದು ಹಿಡಿ ಇದ್ದಿಲು ಹಾಕುತ್ತಿದ್ದರು. ಇದ್ದಿಲು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಯಾರಾದರೂ ಕಲ್ಲು ಕಿತ್ತುಹಾಕಿದರೂ ಅಗೆದು ನೋಡಿದರೆ ಜಾಗ ಸಿಗುತ್ತದೆ. ನಾನು ಆಗ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದೆ. ಗೂಡು ಬೇಯಿಸುವ ಒಲೆಯ ಇದ್ದಿಲನ್ನು ಚೀಲದಲ್ಲಿ ತುಂಬಿ ತರುತ್ತಿದ್ದೆ. ಸತ್ತ ಹುಳದ ವಾಸನೆ, ಇದ್ದಿಲಿನ ಮಸಿ, ಎರಡೂ ನನ್ನ ಸೀರೆಯಲ್ಲಿ. ಇವರಿಗೆ ಮಾತ್ರ ಬಂಗಾರ ಸಿಕ್ಕಿದ ಹಾಗೆ.

ಎಂಬತ್ತಾರರಲ್ಲಿ ಸರ್ಕಾರದ ಕೆಲಸ ಬಂತು. ಗೌರಿಬಿದನೂರು ತಾಲೂಕು, ತೊಂಡೇಬಾವಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳ್ಳಿ. ಅಲ್ಲಿ ಮನೆಯಿಲ್ಲದವರಿಗೆ ಸೈಟು ಕೊಡಬೇಕಾಗಿತ್ತು. ಒಂದೊಂದು ಮನೆಯಲ್ಲಿ ಮೂರು ಮೂರು ಸಂಸಾರ ತುಂಬಿಕೊಂಡಿದ್ದವು. ಅಳೆಯುವ ನೌಕರರು ಸಾಲುತ್ತಿಲ್ಲ ಅಂತ ಇವರಿಗೆ ಹೇಳಿದರು. ಸೈಟು ಅಳೆದು, ಸೈಟಿಗೊಂದು ನಂಬರ್ ಕಲ್ಲು ನೆಟ್ಟು ಕೊಡುವುದು. ಕಲ್ಲಿನ ಖರ್ಚು, ಕೂಲಿ ಎಲ್ಲ ಇವರೇ ಹಾಕಬೇಕು. ಕೆಲಸ ಆದ ಮೇಲೆ ಬಿಲ್ಲು.

ಕಲ್ಲು ಕೊಟ್ಟವನು ಕೈವಾರದ ಕಡೆಯ ಗಂಗುಲಪ್ಪ. ಕಲ್ಲು ಒಡೆಯುವವನು, ಇವರ ಗೆಳೆಯ. ಮಗಳ ಮದುವೆ ವೈಶಾಖಕ್ಕೆ, ಅಷ್ಟರೊಳಗೆ ದುಡ್ಡು ಕೊಡಿ ಸಾಕು ಅಂದ. ಇವರು ಕೊಡುತ್ತೇನೆ ಅಂದರು. ಗಂಗುಲಪ್ಪ ಸರ್ಕಾರದ ಕಲ್ಲು ಅಂತ ಜಂಬದಿಂದ ಕೆಲಸ ಮಾಡಿದ. ಬಣ್ಣದಲ್ಲಿ ನಂಬರ್ ಬರೆಯುವ ಮುಖವನ್ನು ಚಾಣ ಹಿಡಿದು ಕೆತ್ತಿ ಕೆತ್ತಿ ನುಣುಪು ಮಾಡಿದ. ಕೈಯಾಡಿಸಿದರೆ ಜಾರುತ್ತಿತ್ತು. ಬಾಂದುಕಲ್ಲಿಗೆ ಯಾರೂ ಹಾಗೆ ಮಾಡುವುದಿಲ್ಲ. ಇವರೂ ಅದನ್ನು ನೋಡಿ ಖುಷಿಪಟ್ಟರೇ ಹೊರತು ಸಾಕು ಬಿಡಪ್ಪ ಅನ್ನಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಲಸ ಆಯಿತು. ದೀಪಾವಳಿಗೆ ಮೊದಲು ಹಳ್ಳಿಯಲ್ಲಿ ಎಲ್ಲರಿಗೂ ಸೈಟು ತೋರಿಸಿದರು. ಬಿಲ್ಲು ಕಚೇರಿಗೆ ಹೋಯಿತು. ನಾವು ಕಾಯುತ್ತಾ ಕೂತೆವು.

ಗಂಗುಲಪ್ಪ ವಾರಕ್ಕೊಮ್ಮೆ ಬರುತ್ತಿದ್ದ. ದುಡ್ಡಿನ ಮಾತೇ ಎತ್ತುತ್ತಿರಲಿಲ್ಲ. ಹಂಗೇ ಬಂದೆ ಅನ್ನುತ್ತಿದ್ದ. ಟೀ ಕುಡಿದು, ಮಳೆ ಬೆಳೆ ಮಾತಾಡಿ, ಮಗಳ ಮದುವೆಗೆ ಬಳೆಗಾರನಿಗೆ ಹೇಳಿದ್ದೀನಿ, ಪಾತ್ರೆಯವನಿಗೆ ಹೇಳಿದ್ದೀನಿ ಅಂತ ಹೇಳಿ ಎದ್ದು ಹೋಗುತ್ತಿದ್ದ. ಅವನು ಬೈದಿದ್ದರೆ ಇವರಿಗೆ ಊಟ ಸೇರುತ್ತಿತ್ತು. ಬೈಯದೆ ಹೋದ ದಿನ ಸೇರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಕಚೇರಿಯ ಖಲೀಮುಲ್ಲಾ ಹೇಳಿಕಳಿಸಿದ. ಅವನು ಅಲ್ಲಿ ಗುಮಾಸ್ತ, ಒಳ್ಳೆಯವನು. ಇವರು ಹೋದರು. ಬಿಲ್ಲು ಪಾಸು ಮಾಡುವ ಮೊದಲು ಸಾಹೇಬರು ಕಲ್ಲು ನೋಡಲು ಹಳ್ಳಿಗೆ ಹೋಗಿದ್ದರಂತೆ. ಅಲ್ಲಿ ಒಂದು ಕಲ್ಲೂ ಇರಲಿಲ್ಲ. ಬರಿ ಬಯಲು. ಕೆಲಸ ಆಗಿಲ್ಲ ಅಂತ ಬರೆಯಲು ಹೊರಟಿದ್ದವರನ್ನು ಖಲೀಮುಲ್ಲಾನೇ ತಡೆದಿದ್ದ. ಸಾಹೇಬರು ಮಾರ್ಚಿ ಕೊನೆಗೆ ಇನ್ನೊಮ್ಮೆ ಆ ಕಡೆ ಹೋಗುತ್ತಾರೆ, ಅಷ್ಟರೊಳಗೆ ಕಲ್ಲು ನಿಂತಿರಬೇಕು, ಮಾರ್ಚಿ ದಾಟಿದರೆ ಈ ವರ್ಷದ ದುಡ್ಡು ವಾಪಸು ಹೋಗುತ್ತದೆ, ಆಮೇಲೆ ನಾನೂ ಏನೂ ಮಾಡಲಾರೆ ಅಂದ.

ಇವರು ಅಲ್ಲಿಂದಲೇ ಹಳ್ಳಿಗೆ ಓಡಿದರು. ನಾನು ಮನೆಯಲ್ಲಿ ದೇವರಿಗೆ ಕೈ ಮುಗಿದು ಕೂತಿದ್ದೆ. ಕಳ್ಳರು ಕದ್ದಿರಬೇಕು ಅಂದುಕೊಂಡಿದ್ದೆ. ಕೊನೆಯ ಬಸ್ಸಿಗೆ ಬಂದರು. ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ.

"ಆಂಜಿನಿ, ನಮ್ಮ ಕಲ್ಲೆಲ್ಲ ಸ್ನಾನ ಮಾಡ್ತಾ ಕೂತವೆ ಕಣೇ," ಅಂದರು.

ಆಗಿದ್ದು ಇಷ್ಟು. ಸೈಟು ತೋರಿಸಿದ ದಿನವೇ ಆ ಹಳ್ಳಿಯ ಹೆಂಗಸರಿಗೆ ಭಯ ಹತ್ತಿತ್ತು. ಇಷ್ಟು ಒಳ್ಳೆಯ ಕಲ್ಲನ್ನು ಬಯಲಿನಲ್ಲಿ ಬಿಟ್ಟರೆ ಯಾರಾದರೂ ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ಕಲ್ಲು ಹೋದರೆ ಸೈಟು ಹೋಯಿತು. ಅದಕ್ಕೆ ಇಬ್ಬಿಬ್ಬರು ಸೇರಿ ಅವರವರ ಕಲ್ಲು ಕಿತ್ತು, ಹಗ್ಗ ಹಾಕಿ ಹೊತ್ತು, ಮನೆಗೆ ತಂದು ಭದ್ರ ಮಾಡಿದ್ದರು. ಬಂಗಾರವನ್ನು ಪೆಟ್ಟಿಗೆಯಲ್ಲಿ ಇಡುವ ಹಾಗೆ. ಅಷ್ಟು ಭಾರದ ಕಲ್ಲನ್ನು ಒಳಗೆ ಎಲ್ಲಿಡುತ್ತಾರೆ? ಬಚ್ಚಲಲ್ಲಿ ಇಟ್ಟರು. ಬಚ್ಚಲಲ್ಲಿ ನುಣುಪಾದ ಕಲ್ಲಿದ್ದರೆ ಯಾವ ಹೆಂಗಸು ಬಟ್ಟೆ ಒಗೆಯದೆ ಇರುತ್ತಾಳೆ? ನಾನಾಗಿದ್ದರೂ ಒಗೆಯುತ್ತಿದ್ದೆ.

ಇವರು ವಾಪಸು ನೆಡಿ ಅಂತ ಕೇಳಿದರಂತೆ. ಒಬ್ಬರೂ ಕೊಡಲಿಲ್ಲ. ನೋಡುತ್ತೇನೆ ಅಂದರೆ ಗಂಡಸರನ್ನು ಬಚ್ಚಲಿಗೆ ಬಿಡಲಿಲ್ಲ. ಹಾಗಾಗಿ ನಾನು ಹೋಗಬೇಕಾಯಿತು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಕೆಲಸಕ್ಕೆ ರಜ ಹಾಕಿ ಹೊರಟೆ. ಚಿಕ್ಕಬಳ್ಳಾಪುರಕ್ಕೆ ಒಂದು ಬಸ್ಸು, ಗೌರಿಬಿದನೂರಿಗೆ ಒಂದು ಬಸ್ಸು, ಅಲ್ಲಿಂದ ತೊಂಡೇಬಾವಿಗೆ ರೈಲು. ಮದುವೆಯಾದ ಮೇಲೆ ನಾವಿಬ್ಬರೇ ಅಷ್ಟು ದೂರ ಹೋಗಿದ್ದು ಅದೇ ಮೊದಲು. ಇವರು ದಾರಿಯಲ್ಲಿ ಕಡಲೆಕಾಯಿ ಕೊಡಿಸಿದರು. ಕಷ್ಟದ ಕೆಲಸಕ್ಕೆ ಹೋಗುತ್ತಿದ್ದೇವೆ ಅನ್ನುವುದು ನನಗೆ ಮರೆತೇ ಹೋಗಿತ್ತು.

ಮನೆ ಮನೆ ಹೊಕ್ಕು ನೋಡಿದೆ. ಎಲ್ಲ ಬಚ್ಚಲಲ್ಲೂ ಗಂಗುಲಪ್ಪನ ಕಲ್ಲು. ನಮ್ಮ ಮನೆಯ ದುಡ್ಡೆಲ್ಲ ಸೋಪಿನ ನೊರೆಯಲ್ಲಿ ಮಲಗಿತ್ತು. ಪ್ರತಿ ಮನೆಯವರೂ ಕಲ್ಲು ಎಷ್ಟು ಚೆನ್ನಾಗಿದೆ ಅಂತ ಹೊಗಳಿದರು. ಕೂರಿಸಿ ಏನಾದರೂ ತಿನ್ನಲು ಕೊಟ್ಟರು. ಕಲ್ಲು ಮಾತ್ರ ಕೊಡಲಿಲ್ಲ.

ಅವರಿಗೆಲ್ಲ ಹಿರಿಯಳು ಕೊಂಡಮ್ಮ. ಗಂಡ ಇಲ್ಲ, ಎರಡು ಹಸು ಇಟ್ಟುಕೊಂಡು ಬದುಕುತ್ತಿದ್ದಳು. ಅರ್ಧ ತೆಲುಗು, ಅರ್ಧ ಕನ್ನಡ. ಅವಳು ಹೂಂ ಅಂದರೆ ಎಲ್ಲರೂ ಹೂಂ. ಇವರು ಅವಳನ್ನು ಬಯಲಿಗೆ ಕರೆದುಕೊಂಡು ಹೋದರು. ಕಲ್ಲಿನಲ್ಲಿ ಏನೂ ಇಲ್ಲ ತಾಯಿ, ಅದು ನಿಂತ ಜಾಗದಲ್ಲಿ ಇದೆ ಅಂತ ಹೇಳಿದರು. ಸರಪಳಿ ಎಳೆದು, ಒಂದು ಕಡೆ ಅಗೆದು, ಇದ್ದಿಲು ತೆಗೆದು ಕೈಯಲ್ಲಿ ಹಿಡಿದು ತೋರಿಸಿದರು. ಇದೇ ನಿಮ್ಮ ಸೈಟಿನ ಸಾಕ್ಷಿ, ಯಾರು ಕಲ್ಲು ಕದ್ದರೂ ಇದು ಇರುತ್ತದೆ ಅಂದರು. ಎಷ್ಟು ಜನ ಅಣ್ಣತಮ್ಮಂದಿರು ಆ ಇದ್ದಿಲು ನೋಡಿ ಸುಮ್ಮನಾಗಿದ್ದರೋ.

ಕೊಂಡಮ್ಮ ಇದ್ದಿಲನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಏಮಯ್ಯಾ, ಇದ್ದಿಲು ಯಾರ ಮನೇಲಿಲ್ಲ? ನಮ್ಮೊಲೇಲಿ ಇದಕ್ಕಿಂತ ಚೆನ್ನಾಗಿರೋದು ಐತೆ," ಅಂದಳು.

ಅಜ್ಜನ ಕಾಲದ ವಿದ್ಯೆ ಅಲ್ಲಿಗೆ ಮುಗಿಯಿತು. ನನಗೆ ಕೋಪ ಬರಬೇಕಿತ್ತು, ನಗು ಬಂತು. ಕೊಂಡಮ್ಮನಿಗೂ ಬಂತು. ನಾವಿಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರೆ ಇವರು ಇದ್ದಿಲು ಹಿಡಿದು ನಿಂತೇ ಇದ್ದರು.

ಆಮೇಲೆ ನಾನು ಕೊಂಡಮ್ಮನಿಗೆ ಹೇಳಿದೆ. ಕಲ್ಲು ನಮಗೆ ಕೊಡಬೇಡಿ. ನಿಮ್ಮ ಕಲ್ಲು ನೀವೇ ಹೊತ್ತು ತನ್ನಿ, ನೀವೇ ನಿಲ್ಲಿಸಿ, ಸಾಹೇಬರು ಬಂದು ಹೋಗುವ ತನಕ ನೀವೇ ಅದರ ಪಕ್ಕದಲ್ಲಿ ಕೂತಿರಿ. ನೀವು ಕೂತಿದ್ದರೆ ಯಾರು ಕದಿಯುತ್ತಾರೆ? ದುಡ್ಡು ಬರದಿದ್ದರೆ ಕಲ್ಲು ಕೆತ್ತಿದವನ ಮಗಳ ಮದುವೆ ನಿಲ್ಲುತ್ತದೆ ಅಂತಲೂ ಹೇಳಿದೆ. ಕೊಂಡಮ್ಮ ಹುಡುಗಿಯ ಹೆಸರು ಕೇಳಿದಳು. ಗಂಡು ಯಾವ ಊರು ಅಂತ ಕೇಳಿದಳು. ಎಲ್ಲ ಕೇಳಿಕೊಂಡು, ಕೂರೋದು ತಾನೇ, ಕೂರ್ತೀವಿ ಬಿಡು ಅಂದಳು.

ಸಾಹೇಬರು ಬರುವ ದಿನ ಖಲೀಮುಲ್ಲಾ ಹೇಳಿಕಳಿಸಿದ. ನಾವು ಹಿಂದಿನ ದಿನವೇ ಹೋಗಿ ಕೊಂಡಮ್ಮನ ಜಗಲಿಯಲ್ಲಿ ಮಲಗಿದೆವು. ಬೆಳಕು ಹರಿದರೆ ಊರಿಗೆ ಊರೇ ಕಲ್ಲು ಹೊತ್ತು ಬಯಲಿಗೆ ಬರುತ್ತಿತ್ತು. ಇವರು ಗುಂಡಿ ಗುಂಡಿಯಲ್ಲೂ ಇದ್ದಿಲು ಹುಡುಕಿ ಜಾಗ ಗುರುತು ಮಾಡುತ್ತಾ ಹೋದರು. ಹೆಂಗಸರು ಕಲ್ಲು ನಿಲ್ಲಿಸಿ ಪಕ್ಕದಲ್ಲಿ ಚಾಪೆ ಹಾಸಿದರು. ಬಿಸಿಲು ಏರಿದ ಮೇಲೆ ಒಬ್ಬಳು ನಾಲ್ಕು ಗಳ ನೆಟ್ಟು ಸೀರೆ ಕಟ್ಟಿದಳು. ಅವಳನ್ನು ನೋಡಿ ಎಲ್ಲರೂ ಕಟ್ಟಿದರು. ಮಕ್ಕಳಿಗೆ ಹಸಿವು ಅಂತ ಮೂರು ಕಲ್ಲು ಇಟ್ಟು ಒಲೆ ಹೂಡಿದರು. ಕೋಳಿ ಬಂದವು. ನಾಯಿಗಳು ಬಂದವು. ಸಾಹೇಬರ ಜೀಪು ಬಂದಾಗ ಬಯಲೇ ಇರಲಿಲ್ಲ, ಹೊಗೆಯಾಡುವ ಒಂದು ಊರಿತ್ತು.

ಸಾಹೇಬರು ವಯಸ್ಸಾದವರು, ಬಿಸಿಲಿಗೆ ಬೆವತಿದ್ದರು. ಹಿಂದೆ ಖಲೀಮುಲ್ಲಾ ಫೈಲು ಹಿಡಿದಿದ್ದ. ಮೊದಲನೇ ಸೈಟಿನವಳು ಮಾಸಿದ್ದ ನಂಬರ್ ತೋರಿಸಿ ಒಂದು ಲೋಟ ಮಜ್ಜಿಗೆ ಕೊಟ್ಟಳು. ಸಾಹೇಬರು ಕುಡಿದರು. ಅದೇ ತಪ್ಪಾಯಿತು. ಎರಡನೆಯವಳು ಅವಳದು ಕುಡಿದು ನಮ್ಮದು ಬೇಡವಾ ಅಂದಳು. ಮೂರನೆಯವಳು ಹುರಿದ ಅವರೆಕಾಳು, ನಾಲ್ಕನೆಯವಳು ಅಂಬಲಿ. ಸಾಹೇಬರು ಯಾರಿಗೂ ಇಲ್ಲ ಅನ್ನಲಾರದೆ ಹೋದರು. ಸಾಲು ಮುಗಿಯುವ ಹೊತ್ತಿಗೆ ಬೆಲ್ಟು ಸಡಿಲ ಮಾಡಿಕೊಂಡಿದ್ದರು.

ಕೊನೆಯದು ಕೊಂಡಮ್ಮನ ಸೈಟು. ಅವಳು ಕಲ್ಲು ನಿಲ್ಲಿಸಿರಲಿಲ್ಲ. ಮಲಗಿಸಿ ಅದರ ಮೇಲೆ ಸೀರೆ ಒಗೆಯುತ್ತಿದ್ದಳು. ನೊರೆ ಸಾಹೇಬರ ಬೂಟಿನ ತನಕ ಹರಿಯಿತು.

ಕಲ್ಲು ಯಾಕೆ ನಿಲ್ಲಿಸಿಲ್ಲ ಅಂತ ಸಾಹೇಬರು ಕೇಳಿದರು.

"ನಿಲ್ಲಿಸಿದ್ರೆ ಎಲ್ಲಿ ಒಗೀಲಿ ನಾಯನಾ? ನೀನು ಬರಕೊಂಡು ಹೋಗು, ಆಮೇಲೆ ನಿಲ್ಲಿಸ್ತೀನಿ," ಅಂದಳು.

ನಂಬರ್ ಎಲ್ಲಿ ಅಂದರು. ಸೋಪಿಗೆ ಹೋಯಿತು ಅಂದಳು. ಸಾಹೇಬರು ಪೆನ್ನು ಎತ್ತಿದವರು ಹಾಗೇ ನಿಂತರು. ನಂಬರ್ ಇಲ್ಲದ ಕಲ್ಲನ್ನು ಹೇಗೆ ಬರೆಯುವುದು ಅಂದರು. ಖಲೀಮುಲ್ಲಾ ಆಕಾಶ ನೋಡಿದ. ಅದೊಂದು ಕಲ್ಲಿಗೆ ಬಿಲ್ಲು ನಿಂತರೆ ಎಲ್ಲ ನಿಂತ ಹಾಗೆ. ಇವರು ಮಾತಾಡಲು ಹೋದರು. ನಾನು ಪಂಚೆಯ ಚುಂಗು ಹಿಡಿದು ಜಗ್ಗಿದೆ. ಈ ಮನುಷ್ಯ ಮತ್ತೆ ಇದ್ದಿಲು ತೆಗೆದರೆ ಏನು ಗತಿ ಅನ್ನಿಸಿತ್ತು.

ಸಾಹೇಬರು ನಿಧಾನವಾಗಿ, ಈ ಜಾಗ ನಿನ್ನದೇ ಅಂತ ಹೆಂಗೆ ಹೇಳ್ತೀಯಮ್ಮ ಅಂತ ಕೇಳಿದರು.

ಕೊಂಡಮ್ಮ ಸೀರೆ ಹಿಂಡಿ ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು.

"ಆ ಕಡೆ ನಮ್ಮ ವಾರಗಿತ್ತಿ. ಈ ಕಡೆ ಜಗಳಗಂಟಿ ಅಕ್ಕಯಮ್ಮ. ಇವರಿಬ್ಬರ ಮಧ್ಯ ನಾನಲ್ಲದೆ ಇನ್ಯಾರು ಬಾಳ್ತಾರೆ, ನೀನೇ ಹೇಳು."

ಅಕ್ಕಯಮ್ಮ ಅಲ್ಲಿಂದಲೇ ಶುರು ಮಾಡಿದಳು. ಜಗಳಗಂಟಿ ಯಾರು, ನನ್ನ ಕೋಳಿ ಕಟ್ಟಿಹಾಕಿದ್ದು ಯಾರು ಅಂತ. ವಾರಗಿತ್ತಿಯೂ ಸೇರಿಕೊಂಡಳು. ಮೂರೂ ಜನ ಅವರವರ ಸೈಟಿನಿಂದ ಒಂದು ಹೆಜ್ಜೆಯೂ ಹೊರಗಿಡದೆ ಬೈದಾಡಿದರು. ಕಲ್ಲು ಬಿಟ್ಟು ಬರಬಾರದಲ್ಲ. ಸಾಹೇಬರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದರು. ಆಮೇಲೆ ಅವರಿಗೆ ನಗು ಬಂತು. ನಿಂತು ನಗಲಾರದೆ ಒದ್ದೆ ಕಲ್ಲಿನ ಮೇಲೆಯೇ ಕೂತುಬಿಟ್ಟರು. ಪ್ಯಾಂಟೆಲ್ಲ ಸೋಪು.

ಕೂತಲ್ಲೇ ಸಹಿ ಹಾಕಿದರು. ಎಲ್ಲ ಕಲ್ಲು ಜಾಗದಲ್ಲಿವೆ ಅಂತ ಬರೆದರು. ಇವರ ಬೆನ್ನು ತಟ್ಟಿ ಜೀಪು ಹತ್ತಿದರು. ಖಲೀಮುಲ್ಲಾ ಹೋಗುತ್ತಾ ನನ್ನ ಕಡೆ ತಿರುಗಿ, ಅಕ್ಕ, ನಾಳೇನೇ ಬಿಲ್ಲು ಮುಂದಕ್ಕೆ ಕಳಿಸ್ತೀನಿ ಅಂದ. ಕಳಿಸಿದ.

ಸಾಹೇಬರು ಹೋದರೂ ಹೆಂಗಸರು ಏಳಲಿಲ್ಲ. ಈಗ ಎದ್ದರೆ ಕಲ್ಲು ಮತ್ತೆ ಹೊರಬೇಕು, ಬಿಟ್ಟುಹೋದರೆ ಕಳ್ಳರು ಬರುತ್ತಾರೆ. ಇಲ್ಲೇ ಇರುತ್ತೇವೆ ಅಂದರು. ಗಂಡಂದಿರು ಗೊಣಗಿಕೊಂಡು ಚಾಪೆ, ಪಾತ್ರೆ ತಂದರು. ವಾರದಲ್ಲಿ ಸೀರೆಯ ಜಾಗಕ್ಕೆ ತೆಂಗಿನ ಗರಿ ಬಂತು, ಗರಿಯ ಜಾಗಕ್ಕೆ ವರ್ಷದಲ್ಲಿ ಹೆಂಚು ಬಂತು. ಸರ್ಕಾರ ಮನೆ ಕಟ್ಟಿಸಿಕೊಡುವ ಮೊದಲೇ ಅವರು ಒಕ್ಕಲಾಗಿದ್ದರು.

ದುಡ್ಡು ಮಾರ್ಚಿ ಮುಗಿಯುವುದರೊಳಗೆ ಬಂತು. ಇವರು ಅದನ್ನು ಹಾಗೇ ಗಂಗುಲಪ್ಪನ ಕೈಗಿಟ್ಟು, ನಿನ್ನದು ತೆಗೆದುಕೊಂಡು ಮಿಕ್ಕಿದ್ದು ಕೊಡು ಅಂದರು. ಅವನು ತನ್ನದು ತೆಗೆದುಕೊಂಡ. ಟೀ ಕುಡಿದ. ಆದರೂ ಏಳಲಿಲ್ಲ. ಮುಖ ಸಪ್ಪಗಿತ್ತು. ಏನಪ್ಪ ಅಂತ ಕೇಳಿದೆ.

"ದುಡ್ಡು ಕೊಟ್ಟುಬಿಟ್ರಲ್ಲಕ್ಕ, ಇನ್ಮೇಲೆ ಇಲ್ಲಿಗೆ ಬರಕ್ಕೆ ಏನ್ ನೆಪ ಹೇಳ್ಲಿ," ಅಂದ.

ಮದುವೆಗೆ ಹೋದೆವು. ಕೊಂಡಮ್ಮನೂ ಬಂದಿದ್ದಳು, ಕರೆಯದೆಯೇ. ಹುಡುಗಿಯ ಹೆಸರು ಕೇಳಿಕೊಂಡಿದ್ದೆನಲ್ಲ, ಸಾಕು ಅಂದಳು. ಅಲ್ಲೇ ಊಟದ ಪಂಕ್ತಿಯಲ್ಲಿ ಇವರ ಹತ್ತಿರ ವ್ಯಾಪಾರ ಕುದುರಿಸಿದಳು. ನಮಗೆ ಮಿಕ್ಕಿದ್ದ ದುಡ್ಡಿಗೆ ಒಂದು ಹೆಣ್ಣು ಕರು ಕೊಟ್ಟಳು. ಬೆಲೆ ಸ್ವಲ್ಪ ಜಾಸ್ತಿಯೇ. ಇವರು ಯಾವತ್ತೂ ಚೌಕಾಸಿ ಮಾಡಿದವರಲ್ಲ. ರೇಷ್ಮೆಗೂಡಿನ ಖಾಲಿ ಬುಟ್ಟಿ ತುಂಬಿದ್ದ ಲಾರಿಯಲ್ಲಿ ಕರುವನ್ನು ಅಪ್ಪಿಕೊಂಡು ಕೂತು ಶಿಡ್ಲಘಟ್ಟಕ್ಕೆ ಬಂದರು.

ಆ ಕರು ಬೆಳೆದು ಹಸುವಾಯಿತು. ಅದರ ಹಾಲಿನಿಂದಲೇ ಮಗಳನ್ನು ಓದಿಸಿದೆವು, ಮದುವೆ ಮಾಡಿದೆವು. ಈಗ ಹಿತ್ತಲಲ್ಲಿರುವುದು ಅದರ ಮೊಮ್ಮಗಳು. ಕೊಂಡಮ್ಮನದೇ ಸ್ವಭಾವ, ಯಾರ ಮಾತೂ ಕೇಳುವುದಿಲ್ಲ. ಹಾಲು ಕರೆಯುವುದು ಅವರ ಕೆಲಸವಾಗಿತ್ತು. ಹಸು ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅವರು ಹೋದ ಮೇಲೆ ಮಾರಿಬಿಡಮ್ಮ ಅಂದಳು ಮಗಳು. ಮಾರಲಿಲ್ಲ.

ಬೆಳಿಗ್ಗೆ ಕೋಳಿ ಕೂಗುವ ಹೊತ್ತಿಗೆ ಏಳುತ್ತೇನೆ. ಸಗಣಿ ಬಾಚುತ್ತೇನೆ. ಹಿಂಡಿ ಕಲಸಿ ಮುಂದಿಡುತ್ತೇನೆ. ಕೆಚ್ಚಲು ತೊಳೆದು ಕೂರುತ್ತೇನೆ. ಒದೆಯುತ್ತದೆ. ಮತ್ತೆ ಕೂರುತ್ತೇನೆ. ಕರೆದ ಹಾಲನ್ನು ಡೇರಿಗೆ ಹಾಕಿ ಬರುತ್ತೇನೆ.